ಮರಿಕರಡಿಯ ಮಂಕಿ ಟೋಪಿ

‘ಟೋಪಿ ಇದ್ದಷ್ಟೇ ತಲೆ ಚಾಚು’ ಎಂದು ಹಿರಿಯರು ಹೇಳಿಲ್ಲ. ಹೇಳಿದ್ದರೆ ನಮ್ಮ ಗುಮಾಸ್ತನಿಗೆ ಈ ಗತಿ ಬರುತ್ತಿರಲಿಲ್ಲ. ಕತೆ ಅಪ್ಪಟ ನಿಜ. ಸುಳ್ಳೇನಾದರೂ ಇದ್ದರೆ ಅದು ಅವನದು.

ಹೋದ ವರ್ಷ ಶಾಲೆಯ ಕಾರ್ಯಕ್ರಮಕ್ಕೆ ಅಪ್ಪ ಬರಲಿಲ್ಲವೆಂದು ಮಗಳು ವಾರವಿಡೀ ಮಾತು ಬಿಟ್ಟಿದ್ದಳು. ಈ ಸಲ ಅವಳದು ಕರಡಿ ಕುಣಿತ. ಹೆಂಡತಿ ಕಂದು ಉಣ್ಣೆಯಲ್ಲಿ ಅವಳಿಗೊಂದು ಮಂಕಿ ಟೋಪಿ ಹೆಣೆದು, ಉಳಿದ ಉಣ್ಣೆಯಲ್ಲಿ ಗಂಡನಿಗೂ ಒಂದು ಹೆಣೆದಿದ್ದಳು. ತೊಟ್ಟರೆ ಕಣ್ಣೆರಡು ಬಿಟ್ಟು ಕತ್ತಿನವರೆಗೆ ಮನುಷ್ಯನೇ ನಾಪತ್ತೆ.

“ಈ ಸಲ ಬರ್ತೀಯಾ ಅಪ್ಪಾ?”

“ತಲೆ ಹೋದ್ರೂ ಬರ್ತೀನಿ ಪುಟ್ಟಿ.”

ಸಾಹೇಬರ ಹತ್ತಿರ ರಜೆ ಕೇಳುವುದೆಂದರೆ ಹುಲಿಯ ಹಲ್ಲು ಎಣಿಸಿದಂತೆ. ಹಾಗಾಗಿ ಗುಮಾಸ್ತ ಉಗ್ರಾಣದ ಗೆಳೆಯನನ್ನು ಹಿಡಿದ. ಎಲ್ಲರ ದನಿ ಅಣಕಿಸುವ ಅವನಿಗೆ ‘ಅರಗಿಳಿ’ ಎಂದೇ ಹೆಸರು. ತನ್ನ ಟೋಪಿ ಅವನಿಗೆ ತೊಡಿಸಿ, ಅದೇ ಏಟಿಗೆ ಸಾಹೇಬರಿಗೂ ಟೋಪಿ ಹಾಕಿ, ತನ್ನ ಕುರ್ಚಿಯಲ್ಲಿ ಕೂರಿಸಿದ.

“ಅರ್ಧ ಗಂಟೆ ಕಣೋ. ಯಾರಾದ್ರೂ ಮಾತಾಡ್ಸಿದ್ರೆ ಕೆಮ್ಮು, ಸಾಕು.”

“ನಿನ್ನ ಕೆಮ್ಮು ನಿನಗಿಂತ ನಂಗೇ ಚೆನ್ನಾಗಿ ಬರುತ್ತೆ. ಹೋಗು ಮಾರಾಯ!”

ಶಾಲೆಯ ವೇದಿಕೆಯ ತುಂಬ ಕರಡಿಗಳು. ಎಲ್ಲವೂ ಕಂದು, ಎಲ್ಲಕ್ಕೂ ಅದೇ ಟೋಪಿ. ಎಡದಿಂದ ಮೂರನೆಯದು ಮಾತ್ರ ಗುಮಾಸ್ತನಂತೆಯೇ ತಾಳ ತಪ್ಪುತ್ತಿತ್ತು. ವಂಶದ ಗುರುತು! ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ. ಹಿಂದಿನಿಂದ ಒಂದು ಪುಟ್ಟ ಕರಡಿ ಅಂಗಿ ಜಗ್ಗಿ, ಉಣ್ಣೆಯೊಳಗಿಂದ ಏನೋ ಗೊಣಗಿತು.

“ಶ್! ಸುಮ್ನಿರು ಮರಿ, ನನ್ನ ಮಗಳು ಕುಣೀತಿದ್ದಾಳೆ.”

ಕುಣಿತ ಮುಗಿದದ್ದೇ ತಡ, ಬಾಲಕ್ಕೆ ಬೆಂಕಿ ಬಿದ್ದವನಂತೆ ಕಚೇರಿಗೆ ಓಡಿದ.

ಅರಗಿಳಿ ಟೋಪಿ ಕಿತ್ತು ಬೆವರು ಒರೆಸಿಕೊಂಡ. “ಸಾಹೇಬ್ರು ಬಂದಿದ್ರು. ‘ಮಗಳ ಕುಣಿತ ಇದೆಯಂತಲ್ರೀ, ಸಂಜೆವರೆಗೂ ರಜೆ ತಗೊಳ್ಳಿ’ ಅಂದ್ರು.”

“ಅಯ್ಯೋ! ನೀನೇನಂದೆ?”

“ನಾನು ನಿನಗಿಂತ ಒಂದು ಗೇಣು ಎತ್ತರ, ಎದ್ರೆ ಗುಟ್ಟು ರಟ್ಟಾಗಲ್ವಾ? ನಿನ್ನ ದನೀಲೇ ‘ಬೇಡ ಸಾರ್, ಕೆಲಸ ಮೊದ್ಲು, ಮಗಳು ಆಮೇಲೆ’ ಅಂದೆ. ಮೆಚ್ಚಿಕೊಂಡು ಈ ಕಡತಗಳನ್ನೂ ಕೊಟ್ಟು ಹೋದ್ರು.”

“ಹಾಳಾಗ್ಲಿ ಬಿಡು. ಕುಣಿತ ಅಂತೂ ನೋಡಿದ್ನಲ್ಲ.”

ಸಂಜೆ ಮನೆಗೆ ಬಂದವನು ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಕೂಗಿದ: “ನೋಡ್ದೆ ಪುಟ್ಟಿ! ಎಡದಿಂದ ಮೂರನೆಯವಳು!”

“ಅದು ದೊಡ್ಡ ಕ್ಲಾಸಿನವರ ಕುಣಿತ. ಮರಿಕರಡಿಗಳದ್ದು ಆಮೇಲಿತ್ತು.” ಮಗಳು ಗೋಡೆ ನೋಡುತ್ತ ಹೇಳಿದಳು. “ಅದನ್ನ ಹೇಳೋಕೇ ನಿನ್ನ ಅಂಗಿ ಜಗ್ಗಿದೆ.”

ಆಮೇಲೆ ಅವಳೇ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅಪ್ಪನ ದನಿಯಲ್ಲಿ ಅಂದಳು: “ಶ್! ಸುಮ್ನಿರು ಮರಿ, ನನ್ನ ಮಗಳು ಕುಣೀತಿದ್ದಾಳೆ!”

ಹೆಂಡತಿ ನಕ್ಕಳು. ಮಗಳೂ ನಕ್ಕಳು. ಗುಮಾಸ್ತ ಟೋಪಿಯನ್ನು ಕಣ್ಣು ಮುಚ್ಚುವಂತೆ ಕೆಳಗೆಳೆದುಕೊಂಡ.

“ಒಳಗೆ ಬಂದ್ಮೇಲೂ ಅದ್ಯಾಕ್ರೀ?”

“ಚಳಿ ಕಣೇ,” ಎಂದವನು ಎಲ್ಲರಿಗಿಂತ ಜೋರಾಗಿ ನಕ್ಕ.