ರಾಣಿಯ ಸಾವಿಗೆ ನಮ್ಮ ರಿಹರ್ಸಲ್‌ಗಳು

ಸಾವಿನ ಸುದ್ದಿ ತಯಾರಿಸುವವರ ಕೆಲಸದಲ್ಲಿ ನಗು ಬರುವಂಥದ್ದು ನಡೆಯಬಾರದು. ಆದರೂ ನಡೆಯುತ್ತಲೇ ಇರುತ್ತದೆ, ಅದೂ ಎಲ್ಲರೂ ಮುಖ ಗಂಟಿಕ್ಕಿಕೊಂಡು ಕೂತಿರುವ ಹೊತ್ತಿನಲ್ಲೇ.

ನಾನು ವಾಷಿಂಗ್ಟನ್ನಿನ ಒಂದು ಸುದ್ದಿ ಚಾನೆಲ್ಲಿನಲ್ಲಿ ಪ್ಲ್ಯಾನಿಂಗ್ ವಿಭಾಗದವಳು. ದೊಡ್ಡವರು ಬದುಕಿರುವಾಗಲೇ ಅವರು ಸತ್ತ ದಿನದ ಪ್ರಸಾರವನ್ನು ಸಿದ್ಧ ಮಾಡಿಡುವುದು ನನ್ನ ಕೆಲಸ. ಎಲ್ಲಕ್ಕಿಂತ ದಪ್ಪ ಫೈಲು ಬ್ರಿಟನ್ನಿನ ರಾಣಿಯದು. ಮೊದಲ ನಿಮಿಷಕ್ಕೆ ಯಾವ ಚಿತ್ರ, ಐದನೇ ನಿಮಿಷಕ್ಕೆ ಯಾವ ಸಂಗೀತ, ಜಾಹೀರಾತು ಎಷ್ಟು ಹೊತ್ತು ನಿಲ್ಲಬೇಕು, ಹೀಗೆ ಹತ್ತು ದಿನಗಳ ವಿವರ ಅದರಲ್ಲಿತ್ತು. ಅದರಲ್ಲಿ ನನ್ನನ್ನು ಕಾಡುತ್ತಿದ್ದದ್ದು ಒಂದೇ ಸಾಲು: ಸುದ್ದಿಯ ಸುಳಿವು ಸಿಕ್ಕ ಒಂದು ಗಂಟೆಯೊಳಗೆ ವಿಭಾಗದ ಎಲ್ಲರೂ ಆಫೀಸಿನಲ್ಲಿರಬೇಕು, ರಜೆ ಗಿಜೆ ಇಲ್ಲ.

ಕಾಡಲು ಕಾರಣ ವಾಷಿಂಗ್ಟನ್ ಹೊರವಲಯದ ಹರ್ನ್‌ಡನ್‌ನಲ್ಲಿ ನಮ್ಮ ಜೊತೆಗಿದ್ದ ನನ್ನ ಅತ್ತೆ. ಅವರ ಹೃದಯ ಸೋತಿತ್ತು. ಎರಡು ವರ್ಷ, ಹೆಚ್ಚೆಂದರೆ ಮೂರು ಎಂದಿದ್ದರು ಡಾಕ್ಟರು. ಅದನ್ನು ಕೇಳಿದ ದಿನವೇ ಅತ್ತೆ ನನ್ನಿಂದ ಒಂದು ಮಾತು ತೆಗೆದುಕೊಂಡರು.

"ನಾನು ಹೋಗುವಾಗ ನೀನು ಪಕ್ಕದಲ್ಲಿರಬೇಕು ಕಣೇ. ನನ್ನ ಮಗ ಗಾಬರಿ ಬೀಳ್ತಾನೆ. ನಿನಗಾದ್ರೆ ಆಫೀಸಲ್ಲಿ ಪ್ರ್ಯಾಕ್ಟೀಸ್ ಆಗಿದೆ."

ಹ್ಞೂಂ ಎಂದುಬಿಟ್ಟೆ. ರಾಣಿ, ಅತ್ತೆ ಇಬ್ಬರೂ ಒಂದೇ ದಿನ ಹೊರಟರೆ ಏನು ಮಾಡಲಿ ಎಂಬ ಯೋಚನೆ ಅಂದಿನಿಂದ ನನ್ನ ತಲೆಯಿಂದ ಇಳಿಯಲಿಲ್ಲ.

೧. ಮೂರು ಕರಿ ಕೋಟು

ರಾಣಿಯ ಸುದ್ದಿ ಓದುವವರು ಕರಿ ಬಟ್ಟೆಯಲ್ಲಿರಬೇಕು. ಸಾವು ಹೇಳಿ ಕೇಳಿ ಬರುವುದಿಲ್ಲವಲ್ಲ, ಅದಕ್ಕೆ ಆಫೀಸಿನ ಬೀರುವಿನಲ್ಲಿ ಮೂರು ಅಳತೆಯ ಕರಿ ಕೋಟುಗಳನ್ನು ಸದಾ ಇಟ್ಟಿರುತ್ತಿದ್ದೆವು. ಕೋವಿಡ್ ಕಾಲದಲ್ಲಿ ಅವು ಧೂಳು ಹಿಡಿದವು. ಡ್ರೈ ಕ್ಲೀನ್ ಮಾಡಿಸಿ ನಾನೇ ಮನೆಗೆ ತಂದು, ಪ್ಲಾಸ್ಟಿಕ್ ಕವರಿನ ಸಮೇತ ಹಾಲ್‌ನಲ್ಲಿ ನೇತುಹಾಕಿದೆ.

ಮರುದಿನ ಸ್ಟುಡಿಯೋದಲ್ಲಿ ರಿಹರ್ಸಲ್. ನಮ್ಮ ಹಿರಿಯ ಆ್ಯಂಕರಮ್ಮ ಕೋಟು ತೊಟ್ಟು, ತಲೆ ಬಾಗಿಸಿ, ಗಂಟಲು ಸರಿಮಾಡಿಕೊಂಡು, ರಾಣಿ ಇನ್ನಿಲ್ಲ ಎಂದು ಓದಿದರು. ಎಲ್ಲ ಚೆನ್ನಾಗಿತ್ತು. ಕ್ಯಾಮೆರಾ ಹತ್ತಿರ ಹೋದಾಗ ಅವರ ಕಾಲರಿನ ತುದಿಯಲ್ಲಿ ಹೆಬ್ಬೆಟ್ಟಿನಗಲ ಕೆಂಪು ಕಾಣಿಸಿತು.

ನನಗೆ ಕೂಡಲೇ ಗೊತ್ತಾಯಿತು. ಕವರಿನಲ್ಲಿದ್ದ ಕೋಟುಗಳನ್ನು ಹೊಸವೆಂದುಕೊಂಡು ಅತ್ತೆ ಮೂರಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಹೊಸ ಬಟ್ಟೆಯನ್ನು ಹಾಗೇ ತೊಡಬಾರದಲ್ಲ.

ಪಕ್ಕದಲ್ಲಿದ್ದ ಬಾಸ್ ಪರದೆಯನ್ನೇ ದಿಟ್ಟಿಸಿ ಹೇಳಿದರು: "ಅದನ್ನು ಒರೆಸಿ. ಇವರೇ ಕೊಂದು ಬಂದು ಓದುತ್ತಿರುವ ಹಾಗೆ ಕಾಣುತ್ತಿದೆ."

೨. ಏಪೆಕ್ಸಿನ ಪ್ರೊಫೆಸರು

ರಾಣಿ ತೀರಿಕೊಂಡರೆ ಟಿವಿಯಲ್ಲಿ ಕೂತು ಮಾತನಾಡಲು ಚರಿತ್ರೆ ಬಲ್ಲವರು ಬೇಕು. ಅಂಥವರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತೇವೆ. ನಾರ್ತ್ ಕ್ಯಾರೊಲಿನಾದ ಏಪೆಕ್ಸಿನಲ್ಲಿ ಒಬ್ಬ ನಿವೃತ್ತ ಪ್ರೊಫೆಸರಿದ್ದರು, ಎಂಬತ್ತು ದಾಟಿದವರು. ಆರು ತಿಂಗಳಿಗೊಮ್ಮೆ ನಾನು ಅವರಿಗೆ ಫೋನ್ ಮಾಡಬೇಕು. ಇನ್ನೂ ಇದ್ದೀರಾ ಎಂದು ಕೇಳುವಂತಿಲ್ಲ, "ನಿಮ್ಮ ನಂಬರ್ ಬದಲಾಗಿಲ್ಲ ತಾನೇ?" ಎಂದು ಕೇಳಬೇಕು.

ಅವರಿಗೇನು ಅಷ್ಟೂ ತಿಳಿಯುವುದಿಲ್ಲವೇ? "ನಂಬರೂ ಇದೆ, ನಾನೂ ಇದ್ದೇನೆ. ಅವರು ಹೇಗಿದ್ದಾರೆ?" ಎನ್ನುವರು.

"ಚೆನ್ನಾಗಿದ್ದಾರೆ."

"ಛೆ," ಎಂದು, ತಕ್ಷಣ ನಾಚಿಕೊಂಡು, "ಸಂತೋಷ" ಎನ್ನುವರು.

ಹನ್ನೊಂದು ವರ್ಷ ಕಾದರು ಪಾಪ. ಭಾಷಣ ಬರೆದಿಟ್ಟಿದ್ದರು, ತಿದ್ದುತ್ತಿದ್ದರು, ಒಮ್ಮೊಮ್ಮೆ ನನಗೆ ಫೋನಿನಲ್ಲೇ ಎರಡು ಸಾಲು ಓದಿ ಹೇಳುತ್ತಿದ್ದರು. ಒಂದು ಸಲ ಫೋನನ್ನು ಅವರ ಹೆಂಡತಿ ಎತ್ತಿಕೊಂಡರು. ಕೋವಿಡ್ ಬಂದು ಪ್ರೊಫೆಸರು ಹೋಗಿ ಒಂದು ತಿಂಗಳಾಗಿತ್ತು. ನಿಜವಾಗಿಯೂ ಸಂಕಟವಾಯಿತು. ಇಷ್ಟು ವರ್ಷ ಬರೆದ ಭಾಷಣ ವ್ಯರ್ಥವಾಯಿತಲ್ಲ ಎಂದೆ.

"ವ್ಯರ್ಥ ಯಾಕೆ? ಚರ್ಚಿನಲ್ಲಿ ಅದನ್ನೇ ಓದಿದೆವು," ಎಂದರು ಆಕೆ. "ಅವಳು ಅಂತ ಇದ್ದ ಕಡೆಯೆಲ್ಲ ಅವನು ಅಂತ ಮಾಡಿಕೊಂಡೆವು. ಕಿರೀಟದ ವಿಷಯವೊಂದನ್ನು ಬಿಟ್ಟರೆ ಎಲ್ಲ ಹೊಂದಿತು."

೩. ಅತ್ತೆಯ ಫೈಲು

ಆಫೀಸು ಮುಚ್ಚಿದ್ದ ತಿಂಗಳುಗಳಲ್ಲಿ ರಿಹರ್ಸಲ್ಲೂ ಮನೆಯಿಂದಲೇ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾಣಿಯನ್ನು ವಾರಕ್ಕೊಮ್ಮೆ ಸಾಯಿಸುತ್ತಿದ್ದೆವು. ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಕೇಳಿದರು:

"ಅವಳಿಗೆ ನಿಮಿಷ ನಿಮಿಷಕ್ಕೂ ಪ್ಲ್ಯಾನ್ ಇದೆ. ನನಗೇನಿದೆ?"

"ಹಾಗೆಲ್ಲ ಮಾತಾಡ್ಬೇಡಿ ಅತ್ತೆ."

"ಅಳೋದು ಆಮೇಲೆ. ಬರ್ಕೋ."

ಬರೆದುಕೊಂಡೆ. ಸೊನ್ನೆ ನಿಮಿಷ: ಸೊಸೆ ಪಕ್ಕದಲ್ಲಿರಬೇಕು. ಒಂದನೇ ನಿಮಿಷ: ಯಾರೂ ಜೋರಾಗಿ ಅಳಬಾರದು, ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರೆ. ಹತ್ತನೇ ನಿಮಿಷ: ದೇವಸ್ಥಾನದ ಪುರೋಹಿತರಿಗೆ ಫೋನ್, ಅವರು ಎತ್ತುವುದಿಲ್ಲ, ಮೆಸೇಜ್ ಬಿಡುವುದು. ಅರ್ಧ ಗಂಟೆ: ಹಸಿರು ರೇಷ್ಮೆ ಸೀರೆ. ಫೋಟೋ ಪಾಸ್‌ಪೋರ್ಟಿನದು ಬೇಡ, ಅದರಲ್ಲಿ ಕಳ್ಳಿಯ ಹಾಗಿದ್ದೇನೆ.

ಬರೆಯುತ್ತಾ ಬರೆಯುತ್ತಾ ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಸರಿ, ಈಗ ಅವಳಿಗೆ ಮಾಡೋ ಹಾಗೆ ನನಗೂ ಒಂದು ರಿಹರ್ಸಲ್ ಮಾಡೋಣ," ಎಂದರು. "ನಾನು ಸೋಫಾ ಮೇಲೆ ಮಲಗ್ತೀನಿ. ಸೀರಿಯಲ್ ಶುರು ಆಗೋ ಮುಂಚೆ ಮುಗಿಸಿಬಿಡು."

೪. ಆ ದಿನ

ಇಪ್ಪತ್ತೆರಡರ ಸೆಪ್ಟೆಂಬರ್. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಉಸಿರಾಡಲು ಒದ್ದಾಡುತ್ತಿದ್ದರು. ಬೆಳಗ್ಗೆ ಬಾಸ್ ಫೋನ್ ಮಾಡಿದರು: ರಾಣಿಯ ಬಗ್ಗೆ ವೈದ್ಯರಿಗೆ ಚಿಂತೆಯಂತೆ, ಹೊರಟು ಬಾ. ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ಅತ್ತೆಯ ಮಾತ್ರೆ ಡಬ್ಬಿ ಹಿಡಿದು ನಾನು ಬಾಗಿಲಲ್ಲೇ ನಿಂತೆ. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದೇ ಬಂದಿತ್ತು.

"ಹೋಗು ನೀನು," ಎಂದರು ಅತ್ತೆ. "ನಾನು ಇವತ್ತು ಹೋಗಲ್ಲ. ಇವತ್ತು ಹೋದ್ರೆ ನನ್ನ ಕಡೆ ಯಾರು ನೋಡ್ತಾರೆ? ಎಲ್ಲಾ ಚಾನೆಲ್‌ನಲ್ಲೂ ಅವಳೇ."

ಆಫೀಸಿಗೆ ಹೋಗುವ ಡಲಸ್ ಟೋಲ್ ರೋಡಿನುದ್ದಕ್ಕೂ ಅಳುತ್ತಾ ಡ್ರೈವ್ ಮಾಡಿದೆ. ಮಧ್ಯಾಹ್ನ ಸುದ್ದಿ ಖಚಿತವಾಯಿತು. ಆ್ಯಂಕರಮ್ಮ ಕರಿ ಕೋಟಿನಲ್ಲಿ, ಒಂದಕ್ಷರ ತೊದಲದೆ, ಕೇಳಿದವರ ಎದೆ ಭಾರವಾಗುವಂತೆ ಓದಿದರು. ಆಮೇಲೆ ಪ್ಲ್ಯಾನಿನಲ್ಲಿದ್ದ ಹಾಗೆ ಕೆಲವು ಕ್ಷಣ ಮೌನ. ಆ ಮೌನದಲ್ಲಿ, ವರ್ಷಗಟ್ಟಲೆ ರಿಹರ್ಸಲ್ ಮಾಡಿದ ಅಭ್ಯಾಸಬಲದಿಂದ, ಮೈಕ್ ಆನ್ ಇರುವಾಗಲೇ ಅವರು ತಲೆಯೆತ್ತಿ ಕೇಳಿದರು: "ಈ ಸಲ ಸರಿ ಬಂತಾ? ಇನ್ನೊಂದು ಸಲ ಮಾಡೋಣವಾ?"

ಬಾಸ್ ತಲೆಯ ಮೇಲೆ ಕೈಹೊತ್ತು ಅವರ ಕಿವಿಯ ಇಯರ್‌ಪೀಸಿನಲ್ಲಿ ಮೆಲ್ಲಗೆ ಹೇಳಿದರು: "ಬೇಡಮ್ಮ. ಈ ಸಲ ರಾಣಿಯೂ ಸಹಕರಿಸಿದ್ದಾರೆ."

೫. ತಪ್ಪು ಸುದ್ದಿ

ಅತ್ತೆ ಮಾತಿಗೆ ತಪ್ಪಲಿಲ್ಲ. ಹತ್ತು ದಿನವೂ ಟಿವಿಯಲ್ಲಿ ರಾಣಿಯ ಅಂತ್ಯಕ್ರಿಯೆ ನೋಡಿದರು, ದೀಪಾವಳಿಗೆ ಕಜ್ಜಾಯ ಹೀಗಲ್ಲ ಎಂದು ನನ್ನನ್ನು ಬೈದರು. ಜನವರಿಯಲ್ಲಿ ಹಾಸಿಗೆ ಹಿಡಿದರು. ಮನೆಗೆ ಬರುತ್ತಿದ್ದ ನರ್ಸ್ ಇನ್ನು ಒಂದೆರಡು ದಿನ ಎಂದಾಗ ನಾನು ರಜೆ ಹಾಕಿ ಮಂಚದ ಪಕ್ಕದಲ್ಲೇ ಕೂತೆ. ಫೋನ್ ಸದ್ದು ಮಾಡಿದಾಗಲೆಲ್ಲ, ದೇವರೇ, ಇವತ್ತು ಬೇರೆ ಯಾವ ದೊಡ್ಡವರೂ ಸಾಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮರುದಿನ ಬೆಳಗ್ಗೆ ಹತ್ತೂವರೆಗೆ ಅತ್ತೆಯ ಉಸಿರು ನಿಂತಿತು. ನನ್ನ ಗಂಡ "ಅಮ್ಮ ಹೋಗ್ಬಿಟ್ಲು ಕಣೇ!" ಎಂದು ಆಚೆ ಕೋಣೆಗೆ ಓಡಿದರು.

"ರೀ, ತಡೀರಿ," ಎಂದೆ. "ನರ್ಸ್ ಬಂದು ಹೇಳ್ಲಿ. ಇಬ್ಬರು ಕನ್ಫರ್ಮ್ ಮಾಡದೆ ಸಾವಿನ ಸುದ್ದಿ ಬಿಡಬಾರದು."

"ಯಾರು ಹೋದ್ರು?" ಎಂದರು ಅತ್ತೆ, ಕಣ್ಣು ಬಿಟ್ಟು.

ಅಷ್ಟರಲ್ಲಿ ನನ್ನ ಗಂಡ ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಸುದ್ದಿ ಹಾಕಿಯಾಗಿತ್ತು. ಮೈಸೂರಿನಲ್ಲಿ ಆಗ ರಾತ್ರಿ ಒಂಬತ್ತು, ನೆಂಟರು ಯಾರೂ ಇನ್ನೂ ಮಲಗಿರಲಿಲ್ಲ. ಅಳಿಸೋಣವೆಂದರೆ ಆಗಲೇ ಮೂವತ್ತು ಜನ ಕೈಮುಗಿದಿದ್ದರು. ಮಗ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದನ್ನು ನೋಡಿಯೇ ಅತ್ತೆಗೆ ಎಲ್ಲ ಅರ್ಥವಾಯಿತು.

"ಓದು," ಎಂದರು ನನಗೆ. "ಯಾರ್ಯಾರು ಏನೇನು ಬರ್ದಿದಾರೆ ನೋಡೋಣ."

ಅವರ ಓರಗಿತ್ತಿ 'ಅನ್ನಪೂರ್ಣೆಯ ಕೈ, ಇನ್ನೆಲ್ಲಿ ಆ ರುಚಿ' ಎಂದು ಬರೆದಿದ್ದರು.

"ನಲವತ್ತು ವರ್ಷ ನನ್ನ ಹುಳಿಗೆ ಉಪ್ಪು ಜಾಸ್ತಿ ಅಂದೋಳು ಅವಳು. ಮುಂದೆ?"

ಸೋದರಳಿಯ 'ಓಂ ಶಾಂತಿ' ಎಂದಿದ್ದ.

"ಎರಡು ವರ್ಷ ನಮ್ಮನೇಲಿದ್ದು ಓದ್ದ. ಎರಡೇ ಪದಾನಾ?"

ಕೇಳುತ್ತಾ ಕೇಳುತ್ತಾ ಅವರ ಮುಖ ಅರಳಿತು. ನಮ್ಮ ಕೆಲಸದಲ್ಲಿ ತಪ್ಪು ಸುದ್ದಿ ಹೋದರೆ ಆ ಕ್ಷಣವೇ ತಿದ್ದುಪಡಿ ಹಾಕಬೇಕು, ಹಾಕದಿದ್ದರೆ ಕೆಲಸವೇ ಹೋಗುತ್ತದೆ. ನಾನು ಟೈಪ್ ಮಾಡತೊಡಗಿದೆ. ಅತ್ತೆ ತಮ್ಮ ತಣ್ಣನೆಯ ಕೈಯನ್ನು ಫೋನಿನ ಮೇಲಿಟ್ಟರು.

"ತಿದ್ದಬೇಡ ಬಿಡು. ಇಷ್ಟು ಒಳ್ಳೆ ಮಾತು ಇನ್ನೊಂದು ಸಲ ಬರ್ಯಲ್ಲ ಅವರು. ಸಂಜೆಯೊಳಗೆ ಸರಿಹೋಗತ್ತೆ."

ನಾನು ಫೋನ್ ಕೆಳಗಿಟ್ಟು ಆ ಕೈ ಹಿಡಿದುಕೊಂಡು ಕೂತೆ, ಎದ್ದೇಳಲಿಲ್ಲ. ನನ್ನ ಸರ್ವಿಸಿನಲ್ಲಿ ತಿದ್ದುಪಡಿ ಹಾಕದೆ ಬಿಟ್ಟ ತಪ್ಪು ಸುದ್ದಿ ಅದೊಂದೇ. ಸಂಜೆ ಐದು ಗಂಟೆಗೆ ಅದು ಸರಿಹೋಯಿತು.