ನಿಂಬೆಯ ಗೃಹಪ್ರವೇಶ

ಎಮ್ಡೆನ್ ಬಂದರಿನ ಪೈಲಟ್ ಓನ್ನೋ, ಬೀದಿಯಷ್ಟು ಉದ್ದದ ಹಡಗುಗಳಿಗೆ ದಾರಿ ತೋರಿಸಿ, ಗೋಡೆಗೆ ಸೋಕದಂತೆ ಒಳಗೆ ತಂದು ನಿಲ್ಲಿಸುವವನು. ಹಾಗಾಗಿ ಅಂಗೈಯಗಲದ ಮೀನೊಂದನ್ನು ಮನೆಯ ತೊಟ್ಟಿಗೆ ಬಿಡುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು ಎಂದು ಆ ಭಾನುವಾರ ಹೆಂಡತಿ ಗೇಶೆಗೆ ಸಾರಿಬಿಟ್ಟ.

"ಕಷ್ಟ ನಿಂಗಲ್ಲ, ಮೀನಿಗೆ," ಎಂದು ಗೇಶೆ ಕೋಟು ಹಾಕಿಕೊಂಡು ಹಾಡಿನ ತಾಲೀಮಿಗೆ ಹೊರಟಳು.

ಅವಳ ಮಾತಿನಲ್ಲಿ ಹುರುಳಿತ್ತು. ಆ ಉಪ್ಪುನೀರಿನ ತೊಟ್ಟಿಯಲ್ಲಿ, ಹವಳದ ಬಂಡೆಗಳ ನಡುವೆ, ಕೈಸರ್, ಅಂದರೆ ಚಕ್ರವರ್ತಿ, ಎಂಬ ನೀಲಿ ಮೀನು ಆಗಲೇ ರಾಜ್ಯಭಾರ ಮಾಡುತ್ತಿತ್ತು. ಗಾತ್ರ ಹೆಬ್ಬೆರಳಿನಷ್ಟು, ಗತ್ತು ತಿಮಿಂಗಿಲದಷ್ಟು. ಹಿಂದೆ ತಂದ ಮೀನುಗಳನ್ನೆಲ್ಲ ಅದು ಅಟ್ಟಾಡಿಸಿ, ಬಾಲ ಹರಿದು, ಅಂಗಡಿಗೇ ವಾಪಸ್ ಕಳಿಸಿತ್ತು.

ಈ ಸಲದ ಅತಿಥಿ ಅಂಗಡಿಯದಲ್ಲ. ಪಕ್ಕದ ಮನೆಯ ಹಿನ್ರಿಕಾ ಅರವತ್ತು ದಾಟಿದ ಮೇಲೆ ಮತ್ತೆ ಮದುವೆಯಾಗಿ ಬ್ರೆಮೆನ್‌ಗೆ ಹೋಗುವವರಿದ್ದರು. ವರನ ಮನೆಯಲ್ಲಿ ಮೀನಿನ ತೊಟ್ಟಿಗೆ ಜಾಗವಿಲ್ಲ. ವರ್ಷಗಟ್ಟಲೆ ಮುದ್ದಿನಿಂದ ಸಾಕಿದ ನಿಂಬೆ ಎಂಬ ಹಳದಿ ಮೀನನ್ನು ಬಕೆಟ್ಟಿನಲ್ಲಿ ತಂದುಕೊಟ್ಟು ಕಣ್ಣೊರೆಸಿಕೊಂಡಿದ್ದರು. ಸಂಜೆ ಚಹಾಕ್ಕೆ ಬರುತ್ತೇನೆ, ಅಷ್ಟರಲ್ಲಿ ನಿಂಬೆ ಒಗ್ಗಿಕೊಳ್ಳದಿದ್ದರೆ ಮದುವೆಯನ್ನೇ ಮುಂದಕ್ಕೆ ಹಾಕುತ್ತೇನೆ ಎಂದಿದ್ದರು. ಪಾಪ, ಆ ವರನ ಭವಿಷ್ಯವೂ ಈಗ ಓನ್ನೋನ ಕೈಯಲ್ಲಿ.

ಹೊಸ ಮೀನಿಗೆ ತೊಟ್ಟಿಯ ನೀರು ಹೊಂದಬೇಕಾದರೆ ಆ ನೀರನ್ನು ಹನಿಹನಿಯಾಗಿ ಬಕೆಟ್ಟಿಗೆ ಇಳಿಸಬೇಕು. ಓನ್ನೋ ಸಣ್ಣ ಕೊಳವೆಯೊಂದನ್ನು ತೊಟ್ಟಿಯಿಂದ ಬಕೆಟ್ಟಿಗೆ ಇಳಿಬಿಟ್ಟ. ಹನಿ ತೊಟ್ಟಿಕ್ಕುವುದನ್ನು ನೋಡುತ್ತ ಕೂರುವ ತಾಳ್ಮೆ ಅವನದಲ್ಲ. ನೀರು ಬೇಗ ಇಳಿಯಲೆಂದು ಕೊಳವೆಯ ಬಿರಡೆಯನ್ನು ಒಂಚೂರು ಸಡಿಲಿಸಿ, ಗೇಶೆಯ ನಿಲುವುಗನ್ನಡಿ ಬಿಚ್ಚಲು ಮಲಗುವ ಕೋಣೆಗೆ ಹೋದ. ಕನ್ನಡಿಯನ್ನು ತೊಟ್ಟಿಗೆ ಆನಿಸಿಟ್ಟರೆ ಕೈಸರ್ ತನ್ನ ಬಿಂಬದ ಜೊತೆಗೇ ಜಗಳಕ್ಕೆ ಬಿದ್ದಿರುತ್ತದೆ, ಆ ಗದ್ದಲದಲ್ಲಿ ನಿಂಬೆ ಒಳಗೆ ಸೇರಿಕೊಳ್ಳಬಹುದು ಎಂಬುದು ಅವನ ಯುದ್ಧತಂತ್ರ. ಆದರೆ ಕನ್ನಡಿಯ ಸ್ಕ್ರೂಗಳು ತುಕ್ಕು ಹಿಡಿದಿದ್ದವು.

ಗೇಶೆ ಮನೆಗೆ ಬಂದು ಬೂಟು ಬಿಚ್ಚಿ ಹಾಲ್‌ಗೆ ಕಾಲಿಟ್ಟಳು. ಕಾಲುಚೀಲ ಪಚಪಚ ಅಂದಿತು. ಬಕೆಟ್ ತುಂಬಿ ತುಳುಕಿ, ಜಮಖಾನದ ಮೇಲೆ ಸಮುದ್ರವೇ ಹರಿದಿತ್ತು. ನಿಂಬೆ ಬಕೆಟ್ಟಿನ ಅಂಚಿನಲ್ಲಿ ತಲೆಯೆತ್ತಿ, ಹಾರಲೋ ಬೇಡವೋ ಎಂದು ಯೋಚಿಸುತ್ತಿತ್ತು.

"ಓನ್ನೋ," ಎಂದಳು ಗೇಶೆ ತಣ್ಣಗೆ, "ಮೀನನ್ನ ತೊಟ್ಟಿಗೆ ಬಿಡ್ತೀಯಾ, ಇಲ್ಲಾ ಹಾಲ್‌ಗಾ?"

ಗಡಿಬಿಡಿಯಲ್ಲಿ ಕನ್ನಡಿ ಬಂತು. ತಂತ್ರ ಫಲಿಸಿತು ಕೂಡ. ತನ್ನಂಥದೇ ಇನ್ನೊಬ್ಬ ಚಕ್ರವರ್ತಿಯನ್ನು ಕಂಡ ಕೈಸರ್ ಗಾಜಿಗೆ ಹಣೆ ಚಚ್ಚಿಕೊಳ್ಳತೊಡಗಿತು. ಓನ್ನೋ ನಿಂಬೆಯನ್ನು ಮೆಲ್ಲಗೆ ನೀರಿಗೆ ಬಿಟ್ಟ. ಅದು ಬಾಲ ಒಮ್ಮೆ ಆಡಿಸಿ ಬಂಡೆಯ ಹಿಂದೆ ಸರಿಯಿತು. ಮತ್ತೆ ಕಾಣಲಿಲ್ಲ.

ಹತ್ತು ನಿಮಿಷ ಕಾದ. ಇಪ್ಪತ್ತು ನಿಮಿಷ ಕಾದ. ಸುಮ್ಮನಿರಲಾರದೆ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದ. ಬಿಂಬದ ಶತ್ರುವಿಗಿಂತ ಈ ಕೂದಲಿನ ಕೈ ರುಚಿಯಾಗಿ ಕಂಡಿರಬೇಕು, ಕೈಸರ್ ಬಂದು ಬೆರಳು ಕಚ್ಚಿತು. ಓನ್ನೋ ಹೌಹಾರಿ ಕೈಯೆಳೆದ. ಬಂಡೆಗಳು ಉರುಳಿ, ಮರಳೆದ್ದು, ತೊಟ್ಟಿಯ ನೀರು ಹಾಲಿನಂತಾಯಿತು.

ಆಗಲೇ ಕರೆಗಂಟೆ ಸದ್ದಾಯಿತು.

ಹಿನ್ರಿಕಾ ಹೊಸ ಸ್ಕಾರ್ಫ್ ಸುತ್ತಿಕೊಂಡು ಬಂದಿದ್ದರು. ಗೇಶೆ ಅವರನ್ನು ಅಡುಗೆಮನೆಯಲ್ಲೇ ಕೂರಿಸಿ, ಮದುವೆಯ ಕೇಕು, ವರನ ಮೊಣಕಾಲು ನೋವು, ಎಲ್ಲವನ್ನೂ ವಿಚಾರಿಸಿದಳು. ಮಾತು ಎಷ್ಟು ಎಳೆದರೂ ಕಪ್ಪಿನ ಚಹಾ ಮುಗಿಯಿತು. ಹಿನ್ರಿಕಾ ಎದ್ದು ಹಾಲ್‌ಗೆ ಬಂದೇಬಿಟ್ಟರು. ಒದ್ದೆ ಜಮಖಾನ ತುಳಿದುಕೊಂಡೇ ನೇರ ಗಾಜಿನ ಮುಂದೆ ನಿಂತರು.

"ಎಲ್ಲಿ ನನ್ನ ಹುಡುಗಿ?"

ಬಿಳಿ ನೀರು ನಿಧಾನವಾಗಿ ತಿಳಿಯಾಯಿತು. ಮೊದಲು ಹಳದಿಯ ಒಂದು ಚುಕ್ಕೆ ಕಂಡಿತು. ನೋಡಿದರೆ ನಿಂಬೆ, ಕೈಸರನ ಖಾಸಗಿ ಗವಿಯ ಬಾಗಿಲಲ್ಲೇ, ಪಾಚಿ ಮೆಲ್ಲುತ್ತ ಹಾಯಾಗಿತ್ತು. ಕೈಸರ್ ಮೂಲೆಯ ಪಂಪಿನ ಹಿಂದೆ ಮುದುಡಿಕೊಂಡಿತ್ತು. ಒಮ್ಮೆ ಧೈರ್ಯ ಮಾಡಿ ಹತ್ತಿರ ಬಂತು. ನಿಂಬೆ ಬುಡದಲ್ಲಿ ಚೂಪು ಮುಳ್ಳಿದ್ದ ತನ್ನ ಬಾಲವನ್ನು ಸುಮ್ಮನೆ ಅದರ ಕಡೆ ತಿರುಗಿಸಿತು, ಅಷ್ಟೇ. ಚಕ್ರವರ್ತಿ ಮತ್ತೆ ಪಂಪಿನ ಹಿಂದಕ್ಕೆ ಓಡಿತು.

ಹಿನ್ರಿಕಾ ನಕ್ಕರು, ಆಮೇಲೆ ಅತ್ತರು, ಆಮೇಲೆ ಓನ್ನೋನನ್ನು ಅಪ್ಪಿಕೊಂಡರು. ಓನ್ನೋನ ಎದೆ ಎರಡಂಗುಲ ಉಬ್ಬಿತು. ಎಲ್ಲವೂ ಲೆಕ್ಕ ಹಾಕಿದಂತೆಯೇ ನಡೆಯಿತು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ, ಹಿನ್ರಿಕಾ ಹೊರಗೆ ಹೋಗಿ ಮೆಟ್ಟಿಲ ಮೇಲಿಟ್ಟಿದ್ದ ಇನ್ನೊಂದು ಬಕೆಟ್ ಎತ್ತಿಕೊಂಡು ಬಂದರು. ಒಳಗೆ ಪಟ್ಟೆಪಟ್ಟೆಯ ಮೀನೊಂದು ಗೋಡೆಗೆ ಗುದ್ದುತ್ತಿತ್ತು.

"ಇವ್ನು ಸ್ವಲ್ಪ ಮುಂಗೋಪಿ ಕಣಪ್ಪ, ಅದಕ್ಕೇ ಮೊದ್ಲು ಹೇಳ್ಲಿಲ್ಲ. ಈಗ ಧೈರ್ಯ ಬಂತು. ನಿನ್ನ ಕೈಗುಣ ಚೆನ್ನಾಗಿದೆ."

ಓನ್ನೋ ಬಕೆಟ್ಟಿಗೆ ಕೈ ಚಾಚಿದ. ಗೇಶೆ ಅದನ್ನು ತನ್ನತ್ತ ಎಳೆದುಕೊಂಡು, ಅಡುಗೆಮನೆಯಿಂದ ಚಹಾದ ಪಾತ್ರೆ ತಂದು ಅವನ ಕೈಗೆ ಕೊಟ್ಟಳು.

"ಮೀನು ನಾನು ಬಿಡ್ತೀನಿ. ನೀನು ಹಿನ್ರಿಕಾಗೆ ಇನ್ನೊಂದು ಕಪ್ ಬಗ್ಗಿಸು, ಮಾರಾಯ."

ಓನ್ನೋ ತೆಪ್ಪಗೆ ಬಗ್ಗಿಸಿದ. ಅರ್ಧ ಕಪ್ಪಿಗೆ ಬಿತ್ತು, ಅರ್ಧ ತಟ್ಟೆಗೆ.