ಕಾಕಾನ ಒಂಟಿ ಸೀನು

ನಮ್ಮ ಕಾಕಾ ಒಮ್ಮೆ ಸೀನಿ ಸರಕಾರಿ ಬಸ್ ನಿಲ್ಲಿಸ್ಯಾರ. ಸುಳ್ಳಲ್ಲರಿ! ಸಾಂಗಲಿ ಸ್ಟ್ಯಾಂಡಿನಾಗ ಮಿರಜ ಬಸ್ ಹೊರಡೂ ಹೊತ್ತು. ಕಂಡಕ್ಟರ ಘಂಟಿ ಹೊಡದ, ಡ್ರೈವರ ಗೇರ ಹಾಕಿದ, ಅಷ್ಟರಾಗ ಹಿಂದಿನ ಸೀಟಿನಿಂದ "ಆ... ಕ್ಷೀ!" ಒಂದ ಸೀನು. ಎರಡನೇದು ಬಂದ್ರ ದೋಷ ಇಲ್ಲ ಅಂತ ಇಡೀ ಬಸ್ಸು ಉಸರ ಹಿಡದು ಕಾದಿತು. ಬರಲಿಲ್ಲ. ಹೊರಡೂ ಮುಂದ ಒಂಟಿ ಸೀನು ಬಂದ್ರ ನಮ್ಮ ಕಡೆ ಯಾರ ಹೆಜ್ಜಿ ಇಡ್ತಾರ? ಡ್ರೈವರ ಇಳದು ಹೋಗಿ, ನೀರ ಕುಡದು, ಬೀಡಿ ಸೇದಿ ಬಂದ.

ಆ ಬಸ್ಸಿನಾಗ ನಾನೂ ಇದ್ದೆ. ಇಂಟರವ್ಯೂಕ್ಕ ಹೊಂಟಿದ್ದೆ. ತಡಾ ಆತು, ಕೆಲಸ ಸಿಗಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿದ್ರ ಸಿಗತಿತ್ತೇನು? ಅದನ್ನ ಕೇಳಬ್ಯಾಡ್ರಿ. ಮನ್ಯಾಗ ಮಾತ್ರ ಎಲ್ಲಾ ತಪ್ಪ ಕಾಕಾನ ಮೂಗಿನ ಮ್ಯಾಲೆ ಹಾಕಿದೆ.

ಆ ಮೂಗು ಸಾದಾ ಮೂಗಲ್ಲ. ಸಾಂಗಲಿ ಪ್ಯಾಟ್ಯಾಗ ಜೀವಮಾನ ಎಲ್ಲಾ ಅರಿಶಿಣದ ಧೂಳ ತಿಂದ ಮೂಗು. ಅರಿಶಿಣದ ಅಂಗಡಿ ಇದ್ದಾಗ ಗಿರಾಕಿ ಎದ್ದು ನಿಂತ್ರ ಸಾಕು, ಆಕ್ಷೀ! ಗಿರಾಕಿ ಮತ್ತ ಕುಂದರತಿದ್ದ, ಚಹಾ ಬರತಿತ್ತು, ಮಾತು ಹೊಸದಾಗಿ ಸುರು ಆಗತಿತ್ತು. ಆಮ್ಯಾಲೆ ಕಾಲ ತಿರುಗಿತು. ಮನಿಮನಿಗೆ ಫೋನ ಬಂತು, ದರ ಕೇಳಾಕ ಅಂಗಡಿ ಮಟ ಯಾರ ಬರ್ತಾರ? ಕಾಕಾ ಅಂಗಡಿ ಮಾರಿ, ಹೊಸಾ ಅಪಾರ್ಟಮೆಂಟಿನ ಮೂರನೇ ಮಾಳಿಗಿಗೆ ಹೋದ್ರು. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಬಾಳ ವರ್ಷ ಆಗಿತ್ತು, ಮಕ್ಕಳು ಇರಲಿಲ್ಲ.

ಅಲ್ಲಿ ಎಲ್ಲಾರ ಬಾಗಲಾ ಮುಚ್ಚೇ ಇರತಾವ, ಒಳಗ ಕೇಬಲ್ ಟೀವಿ ಒದರತಿರತೈತಿ. ಕಾಕಾ ಮಾತ್ರ ಬಾಗಲಾ ತಗದು ಕುಂದರತಿದ್ರು. ಹಾಲಿನವ, ವಾಚಮನ್, ಲೈಟಿನ ಬಿಲ್ಲ ತರಾವ, ಯಾರರ ಒಳಗ ಬಂದು ತಿರುಗಿದ್ರೋ, ಆಕ್ಷೀ!

"ಶಿಂಕ ಆಲೀ! ಬಸಾ, ಬಸಾ!" ಅಂತ ಮರಾಠಿಯೊಳಗ ಅಂದು, ಸೀನು ಬಂತು ಕುಂದರ್ರಿ ಅಂತ ಕೈ ಹಿಡದು ಕುಂದರಸತಿದ್ರು. ಸೀನು ಮಾತ್ರ ಖರೇ. ಬಂದಿದ್ದನ್ನ ಒಳಗ ತಡಕೊಂಡು ಇಟ್ಟು, ಮಂದಿ ಎದ್ದಾಗ ಬಿಡತಿದ್ರು, ಅಷ್ಟ!

ಅಷ್ಟರಾಗ ನನಗೊಂದು ಔಷಧ ಕಂಪನಿಯೊಳಗ ಕೆಲಸ ಸಿಕ್ಕಿತು. ಟೈ ಕಟಗೊಂಡು, ಬ್ಯಾಗ ಹಿಡಕೊಂಡು ಮಿರಜದ ಡಾಕ್ಟರ ಬಾಗಲಾ ಕಾಯೂದು. ಟೈ ಗಂಟ ಹಾಕಾಕ ನನಗೆಲ್ಲಿ ಬರಬೇಕು? ಯಾರೋ ಹಾಕಿ ಕೊಟ್ಟ ಗಂಟನ್ನ ಬಿಚ್ಚದ, ಎಮ್ಮಿ ಹಗ್ಗದಂಗ ತಲಿ ಮ್ಯಾಲಿಂದ ತಗದು ಗೂಟಕ್ಕ ಹಾಕತಿದ್ದೆ. ಇಂಥಾ ತಜ್ಞ, ಕಾಕಾನ ಮೂಗು ಉದ್ಧಾರ ಮಾಡಾಕ ಹೊಂಟೆ! ಮಿರಜಕ್ಕ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ.

"ಒಮ್ಮೆಗೆ ಎಷ್ಟ ಸೀನು ಬರ್ತಾವರಿ?"

"ಒಂದರಿ."

"ಯಾವಾಗ? ಮುಂಜಾನೆ? ಧೂಳಿಗೆ?"

"ಮಂದಿ ಎದ್ದಾಗರಿ."

ಡಾಕ್ಟರು ನಕ್ಕೋತ ಕೈ ತೊಳ್ಯಾಕ ಎದ್ರು. ಆಕ್ಷೀ! ಇಷ್ಟಿಷ್ಟ ದಪ್ಪನ ಪುಸ್ತಕ ಓದಿದ ಡಾಕ್ಟರು, ದೇವರಾಣಿ, ಮತ್ತ ಕುಂತ್ರು!

"ಗುಳಿಗಿ ಐತಿ, ಸ್ಪ್ರೇ ಐತಿ," ಅಂದ್ರು. "ಈ ಗುಳಿಗಿಗೆ ನಿದ್ದಿ ಬರತೈತಿ. ಸ್ಪ್ರೇ ದಿನಾ ಹೊಡಕೋಬೇಕು, ಗುಣಾ ಕಾಣಾಕ ಸ್ವಲ್ಪ ದಿನಾ ಹಿಡೀತೈತಿ. ಯಾವುದು ಒಗ್ಗತೈತಿ ನೋಡ್ರಿ."

ಮೊದಲ ಗುಳಿಗಿ. ಒಂದ ವಾರದಾಗ ಕಾಕಾನ ಫೋನ ಬಂತು. "ಲೇ ಶಾಣ್ಯಾ! ಮಾಲಗಾಂವದಿಂದ ನನ್ನ ಹಳೇ ದೋಸ್ತ ಬಂದು, ನನ್ನ ಎದುರಿಗೇ ಕುಂತು, ಎದ್ದ ಹೋಗ್ಯಾನ! ನಾ ಖುರ್ಚಿಯೊಳಗ ಗೊರಕಿ ಹೊಡ್ಯಾಕತ್ತಿದ್ದೆ. ಕಣ್ಣ ತಗದ್ರ ಟೇಬಲ್ ಮ್ಯಾಲೆ ದ್ರಾಕ್ಷಿ ಚೀಲ ಅಷ್ಟ ಐತಿ. ದ್ರಾಕ್ಷಿ ಜೋಡಿ ಮಾತಾಡ್ಲೇನು?"

ಆತು, ಗುಳಿಗಿ ಬಂದ್ ಮಾಡಿ ಸ್ಪ್ರೇ ಒಯ್ದೆ. ಹೆಂಗ ಹೊಡಕೋಬೇಕು ಅಂತ ತೋರಸಾಕ ಹೋಗಿ, ಬಾಟ್ಲಿ ಓರೆ ಹಿಡದು ನನ್ನ ಕಣ್ಣಿಗೇ ಹೊಡಕೊಂಡೆ. ಕಣ್ಣಾಗ ನೀರು ದಳದಳ! ಕಾಕಾ ಟಾವೆಲ್ ಕೊಡಕೋತ, "ಮೂಗು ಎಲ್ಲಿರತೈತಿ ಅಂತ ನಿಮ್ಮ ಕಂಪನ್ಯಾಗ ಹೇಳಿಕೊಟ್ಟಿಲ್ಲೇನೋ?" ಅಂದ್ರು.

ಆದ್ರ ಸ್ಪ್ರೇ ಹತ್ತಿತು. ಸೀನು ನಿಂತೂವು! ನಾ ಮಿರಜ ತುಂಬಾ ಎದಿ ಉಬ್ಬಿಸಿ ಅಡ್ಡಾಡಿದೆ.

ಸ್ವಲ್ಪ ದಿನಾ ಬಿಟ್ಟು ಒಂದ ಸಂಜೀಕ ಕಾಕಾನ ಮನಿಗೆ ಹೋದೆ. ಹಾಲಿನವ ಹಾಲ ಹಾಕಿ ತಿರುಗಿದ. ಕಾಕಾನ ಮುಖ ಮ್ಯಾಲೆ ಆತು, ಮೂಗಿನ ಹೊಳ್ಳಿ ಅರಳಿದೂವು, ಬಾಯಿ ಸ್ವಲ್ಪ ತೆರೀತು... ಏನೂ ಬರಲಿಲ್ಲ. ಹಾಲಿನವ ಮೆಟ್ಟಲಾ ಇಳದು ಹೋದ. ಚಪ್ಪಲ ಸಪ್ಪಳ ಕೆಳಗಿನ ಮಟ ಕೇಳಿಸಿತು.

"ಮೂಗು ಬಾಳ ಚಲೋ ಆಗೇತಿ ನೋಡು," ಅಂದ್ರು ಕಾಕಾ. "ಹೋದ ವಾರದಿಂದ ಈ ಖುರ್ಚಿಯೊಳಗ ಯಾರೂ ಕುಂತಿಲ್ಲ."

ನನಗ ನಗಸೂದೊಂದ ಗೊತ್ತು. "ಸುಳ್ಳ ಸೀನು ಹೊಡೀರಿ ಕಾಕಾ! ಯಾರಿಗೆ ತಿಳೀತೈತಿ?"

"ಅರಿಶಿಣದಾಗ ಕಲಬೆರಕಿ ಮಾಡಿದಾಂವ ಅಲ್ಲ ನಾ. ಸೀನಿನಾಗ ಮಾಡ್ಲೇನು?"

"ಹಂಗಾರ ಸ್ಪ್ರೇ ಬಿಟ್ಟಬಿಡ್ರಿ."

"ನೀ ಕೈಯಾರ ತಂದುಕೊಟ್ಟ ಔಷಧಲೇ. ಗುಣಾ ಬಂದ ಮ್ಯಾಲೆ ಹೆಂಗ ಬಿಡ್ಲಿ?"

ಹೊತ್ತ ಮುಳಗಾಕತ್ತಿತ್ತು, ಬಸ್ಸಿನ ಹೊತ್ತಾಗಿತ್ತು. ಬ್ಯಾಗ ತಗೊಂಡು ಎದ್ದೆ. ಕಾಕಾ ನನ್ನ ಮಾರಿ ನೋಡ್ಲಿಲ್ಲ, ಹೊಸ್ತಿಲದಾಗಿನ ನನ್ನ ಬೂಟ ನೋಡಿದ್ರು. ಮೂಗು ತಿಕ್ಕಿಕೊಂಡ್ರು. ನಾ ಒಂದ ಬೂಟ ಹಾಕ್ಕೊಂಡೆ. ಇನ್ನೊಂದು ಕೈಯಾಗ ಇತ್ತು.

"ಆ... ಆಕ್ಷೀ!"

ಸೀನಿದಾಂವ ನಾನ. ಏನ ಕೆಟ್ಟ ಸೀನರಿ ಅದು! ಬೆಕ್ಕಿನ ಬಾಲ ತುಳದಂಗ ಆತು.

ಕಾಕಾ ತಲಿ ಎತ್ತಿದ್ರು. ಇಬ್ಬರೂ ಎರಡನೇ ಸೀನಿಗೆ ಕಾದಂಗ ಮಾಡಿದೆವು. ಬರಲಿಲ್ಲ. ನಾ ಬೂಟ ಬಿಚ್ಚಿ ಒಳಗ ಬಂದು ಆ ಖುರ್ಚಿಯೊಳಗ ಕುಂತೆ.

ಕಾಕಾ ಅಡಗಿ ಮನಿಗೆ ಹೋಗಿ ಗ್ಯಾಸ ಹಚ್ಚಿದ್ರು. "ಈ ಸೀನಿನಾಗ ಕಲಬೆರಕಿ ಐತಿ," ಅಂತ ಒಳಗಿಂದ ಒದರಿ, ಚಹಾದ ಪಾತೇಲಿಗೆ ಇನ್ನೊಂದು ಕಪ್ಪ ನೀರು ಹಾಕಿದ್ರು.